ಫೋನು ಎತ್ತದ ಯಜಮಾನ

ನನ್ನ ಎಡಗಿವಿ ಸ್ವಲ್ಪ ಮಂದ. ವಯಸ್ಸಿನ ಕಾರಣ ಎನ್ನುತ್ತಾರೆ ವೈದ್ಯರು. ನನಗೆ ಗೊತ್ತು, ಅದು ರಾಯರ ಕಾರಣ.

ಇಪ್ಪತ್ತೊಂಬತ್ತು ವರ್ಷ ನಾನು ಟಿವಿಯ ಓಬಿ ವ್ಯಾನಿನಲ್ಲಿ, ಅಂದರೆ ಹೊರಾಂಗಣ ಪ್ರಸಾರದ ಗಾಡಿಯಲ್ಲಿ, ವಿಷನ್ ಮಿಕ್ಸರ್ ಮುಂದೆ ಕುಳಿತವನು. ಮೈದಾನದ ಹೊರಗೆ, ಸಾಮಾನ್ಯವಾಗಿ ಶೌಚಾಲಯದ ಪಕ್ಕದಲ್ಲಿ, ಕಿಟಕಿಯಿಲ್ಲದ ಒಂದು ದೊಡ್ಡ ಲಾರಿ ನಿಂತಿರುತ್ತದೆ. ಒಳಗೆ ಸಾಲಾಗಿ ಮಾನಿಟರ್‌ಗಳು, ಒಂದೊಂದು ಮಾನಿಟರ್‌ಗೆ ಒಂದೊಂದು ಕ್ಯಾಮೆರಾ. ಯಾವ ಕ್ಯಾಮೆರಾದ ಚಿತ್ರ ಮನೆಗೆ ಹೋಗಬೇಕು ಎಂದು ಪ್ರೊಡ್ಯೂಸರ್ ರಾಯರು ಕೂಗುತ್ತಾರೆ, ನಾನು ಗುಂಡಿ ಒತ್ತುತ್ತೇನೆ. ಆಟ ನಡೆಯುತ್ತಿರುವುದು ಐವತ್ತು ಅಡಿ ದೂರದಲ್ಲಿ. ಆದರೆ ಆ ಐವತ್ತು ಅಡಿ ನಡೆದು ಹೋಗಿ ಒಂದೇ ಒಂದು ಆಟವನ್ನೂ ನಾನು ನೋಡಿದವನಲ್ಲ. ನನಗೆ ಆಟ ಎಂದರೆ ಎಂಟು ಗಾಜಿನ ಚೌಕಗಳು, ಮತ್ತು ಎಡಗಿವಿಯಲ್ಲಿ ರಾಯರ ದನಿ.

ತೊಂಬತ್ತರ ದಶಕದಲ್ಲಿ ಮಂಡ್ಯದಲ್ಲಿ ಒಂದು ಕಬಡ್ಡಿ ಫೈನಲ್. ಕೊನೆಯ ನಿಮಿಷದಲ್ಲಿ ದಾಳಿಗೆ ಹೋದ ಹುಡುಗನನ್ನು ಆರು ಜನ ಒಟ್ಟಿಗೆ ಬಿದ್ದು ಹಿಡಿದರು. ನಾನು ಶಿಸ್ತಾಗಿ ಮುಂದಿನ ದಾಳಿಗೆ ಸಿದ್ಧವಾಗಲೆಂದು ಅಗಲದ ಚಿತ್ರಕ್ಕೆ ಹೋದೆ. ಕಿವಿಯಲ್ಲಿ ಸಿಡಿಲು. "ಬಿದ್ದವನನ್ನು ಬಿಟ್ಟು ಎಲ್ಲಿಗೆ ಹೋದೆಯಪ್ಪಾ? ಗೆರೆ ನೋಡಿ ಏನು ಮಾಡುತ್ತಾರೆ ಜನ? ಮೂರು ಕೊಡು, ಮೂರು!" ಮೂರನೇ ಕ್ಯಾಮೆರಾದಲ್ಲಿ ಆ ಹುಡುಗ ಮಣ್ಣಿನಲ್ಲಿ ಮುಖ ಒತ್ತಿಕೊಂಡು ಮಲಗಿದ್ದ. ಮೇಲೇಳಲು ಅವನಿಗೆ ಮನಸ್ಸಿರಲಿಲ್ಲ. ನಾನು ಮೂರಕ್ಕೆ ಹೋದೆ. ರಾಯರು ಅಲ್ಲೇ ನಿಲ್ಲಿಸಿದರು. ಎಷ್ಟು ಹೊತ್ತು ಎಂದರೆ, ಎದುರಾಳಿಯ ದಾಳಿ ಶುರುವಾಗಿ ಅರ್ಧ ಮುಗಿದೇ ಹೋಗಿತ್ತು.

ನಿವೃತ್ತನಾದ ಮೇಲೆ ಓದಲು ಪುರುಸೊತ್ತು ಸಿಕ್ಕಿತು. ಟೆಲಿವಿಷನ್‌ನ ಹಳೆಯ ಕಥೆಗಳನ್ನು ಹುಡುಕಿಕೊಂಡು ಹೋಗುವಾಗ ಎದುರಾದವನು ರೂನ್ ಆರ್ಲೆಜ್. ಅಮೆರಿಕದ ಎಬಿಸಿ ಜಾಲದ ಕ್ರೀಡಾ ವಿಭಾಗವನ್ನು ಕಟ್ಟಿದವನು, ಆಮೇಲೆ ಅದೇ ಜಾಲದ ಸುದ್ದಿ ವಿಭಾಗವನ್ನೂ ಎತ್ತಿ ನಿಲ್ಲಿಸಿದವನು. ಅವನ ಕೈಕೆಳಗೆ ಕೆಲಸ ಮಾಡಿದವರು ಬರೆದದ್ದು, ಸಂದರ್ಶನಗಳಲ್ಲಿ ಹೇಳಿದ್ದು ರಾಶಿ ರಾಶಿ ಇದೆ. ಓದುತ್ತಾ ಹೋದಂತೆ ನನಗೆ ಗುಮಾನಿ ಹತ್ತಿತು: ರಾಯರನ್ನು ಕೂಗಿಸಿದವನು ಇವನೇ ಇರಬೇಕು. ರಾಯರು ಅವನ ಹೆಸರನ್ನೇ ಕೇಳಿರಲಿಲ್ಲ, ಅದು ಬೇರೆ ಮಾತು.

ಆರ್ಲೆಜ್ ಬಗ್ಗೆ ಯಾರು ನೆನಪು ಮಾಡಿಕೊಂಡರೂ ಎರಡು ಫೋನುಗಳ ವಿಷಯ ಬಂದೇ ಬರುತ್ತದೆ. ಒಂದು, ಎಬಿಸಿಯ ಕಂಟ್ರೋಲ್ ರೂಮಿನಲ್ಲಿದ್ದ ಕೆಂಪು ಫೋನು. ಅದಕ್ಕೆ 'ರೂನ್ ಫೋನ್' ಎಂದೇ ಹೆಸರು. ಆತ ಮನೆಯಲ್ಲಿರಲಿ, ಊಟಕ್ಕೆ ಹೋಗಿರಲಿ, ಟಿವಿ ನೋಡುತ್ತಾ ಏನಾದರೂ ಹಿಡಿಸದಿದ್ದರೆ ಆ ಫೋನು ಬಡಿದುಕೊಳ್ಳುತ್ತಿತ್ತು. ಅದು ಬಡಿದಾಗ ಕೊಠಡಿಯಲ್ಲಿದ್ದವರ ಬೆನ್ನು ನೆಟ್ಟಗಾಗುತ್ತಿತ್ತು. ಇನ್ನೊಂದು, ಅವನ ಸ್ವಂತ ಫೋನು. ಅದಕ್ಕೆ ಯಾರು ಕರೆ ಮಾಡಿದರೂ ಉತ್ತರ ಸಿಗುತ್ತಿರಲಿಲ್ಲ. ಕೋಟಿ ಸಂಬಳದ ನಿರೂಪಕರು, ಉಪಾಧ್ಯಕ್ಷರು, ಹೊರ ದೇಶದಲ್ಲಿ ಕುಳಿತ ವರದಿಗಾರರು ಎಲ್ಲರೂ ಸಂದೇಶ ಬಿಟ್ಟು ಬಿಟ್ಟು ದಿನಗಟ್ಟಲೆ ಕಾಯುತ್ತಿದ್ದರು. ನಿರ್ಧಾರ ಆಗಬೇಕಾದ ಕಾಗದಗಳು ಅವನ ಮೇಜಿನ ಮೇಲೆ ಹಳದಿಯಾಗುತ್ತಿದ್ದವು.

ತಾನು ಮಾತನಾಡಬೇಕೆಂದಾಗ ಇಡೀ ಸಂಸ್ಥೆಯ ಕಿವಿ ಅವನಿಗೆ ಬೇಕು, ಬೇರೆಯವರು ಮಾತನಾಡಬೇಕೆಂದಾಗ ಅವನ ಕಿವಿ ಇಲ್ಲ. ಇಂಥ ಯಜಮಾನರನ್ನು ನಾವೆಲ್ಲ ಕಂಡಿದ್ದೇವೆ. ಅವರಲ್ಲಿ ಹೆಚ್ಚಿನವರನ್ನು ಮರೆತೂ ಬಿಟ್ಟಿದ್ದೇವೆ. ಇವನನ್ನು ಮಾತ್ರ ಬೈಯುತ್ತಲೇ ಪ್ರೀತಿಯಿಂದ ನೆನೆಯುತ್ತಾರಲ್ಲ, ಅದು ಯಾಕೆ ಎಂಬುದು ನನ್ನ ಕುತೂಹಲ.

ಹುಟ್ಟಿದ್ದು 1931ರಲ್ಲಿ, ನ್ಯೂಯಾರ್ಕ್‌ನಲ್ಲಿ. ಕೆಂಚುಗೂದಲು, ಮುಖದ ತುಂಬ ಚುಕ್ಕೆಗಳು. ಮುಂದೆ ದೊಡ್ಡವನಾದ ಮೇಲೆ ದಪ್ಪ ಕನ್ನಡಕ, ಸಫಾರಿ ಅಂಗಿ, ಸಿಗಾರ್. ಎಬಿಸಿಗೆ ಬರುವ ಮೊದಲು ಎನ್‌ಬಿಸಿ ಎಂಬ ಇನ್ನೊಂದು ಜಾಲದಲ್ಲಿ ಶಾರಿ ಲೂಯಿಸ್ ಎಂಬಾಕೆಯ ಕೈಗೊಂಬೆ ಕಾರ್ಯಕ್ರಮದ ನಿರ್ಮಾಪಕನಾಗಿದ್ದ. ಗೊಂಬೆ ಆಡಿಸುವವರ ಹತ್ತಿರ ಕೆಲಸ ಮಾಡಿದವನು ಅಮೆರಿಕನ್ ಫುಟ್‌ಬಾಲ್ ಪ್ರಸಾರಕ್ಕೆ ಬಂದದ್ದು 1960ರಲ್ಲಿ. ಬರುತ್ತಲೇ ತನ್ನ ಮೇಲಿನವರಿಗೆ ಒಂದು ಟಿಪ್ಪಣಿ ಬರೆದ. ಆಗ ಅವನಿಗಿನ್ನೂ ಇಪ್ಪತ್ತೊಂಬತ್ತು.

ಆ ಟಿಪ್ಪಣಿ ನಮ್ಮ ಕಸುಬಿನ ಜಾತಕ ಇದ್ದ ಹಾಗೆ. ಅದುವರೆಗೆ ಆಟದ ಪ್ರಸಾರ ಎಂದರೆ ಮೈದಾನದ ಮೇಲಿನ ಸಾಲಿನಲ್ಲಿ ಎರಡು ಮೂರು ಕ್ಯಾಮೆರಾ ಇಟ್ಟು, ಚೆಂಡು ಹೋದಲ್ಲೆಲ್ಲ ಕತ್ತು ತಿರುಗಿಸುವುದು. ಆರ್ಲೆಜ್ ಹೇಳಿದ್ದು, ಆಟವನ್ನು ನೋಡುಗರ ಮನೆಗೆ ತರುವುದಲ್ಲ, ನೋಡುಗರನ್ನು ಆಟದ ಊರಿಗೆ ಕರೆದೊಯ್ಯಬೇಕು ಎಂದು. ಜೀಪಿನ ಮೇಲೆ, ಹೆಲಿಕಾಪ್ಟರ್‌ನಲ್ಲಿ, ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ ಕ್ಯಾಮೆರಾ ಇಡಬೇಕು. ಆಟ ನಿಂತಾಗ ಕೋಚ್‌ನ ಮುಖ, ಬೆಂಚಿನಲ್ಲಿ ಕುಳಿತವನ ಕಾಲಿನ ನಡುಕ, ಗ್ಯಾಲರಿಯಲ್ಲಿ ಉಗುರು ಕಚ್ಚುವ ಹುಡುಗಿ, ಇವೆಲ್ಲ ಕಾಣಬೇಕು. ಫುಟ್‌ಬಾಲ್ ಗೊತ್ತಿಲ್ಲದ ಹೆಂಗಸರೂ ನೋಡುವಂತಾಗಬೇಕು ಎಂದೂ ಅವನ ಆಸೆ. ಕ್ರೀಡೆಗೆ ನಾವು ರಂಗದ ಮೆರುಗು ಕೊಡಲಿದ್ದೇವೆ ಎಂದು ಬರೆದಿದ್ದ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಅಲಬಾಮಾ ಮತ್ತು ಜಾರ್ಜಿಯಾ ತಂಡಗಳ ಪಂದ್ಯದಿಂದ ಅದು ಆರಂಭವಾಯಿತು.

ಎಂಜಿನಿಯರ್ ಬಾಬ್ ಟ್ರ್ಯಾಕಿಂಜರ್ ಹೇಳುತ್ತಿದ್ದ ಕಥೆ ನನಗೆ ಇನ್ನೂ ಇಷ್ಟ. ಲಾಸ್ ಏಂಜಲೀಸ್‌ನ ಒಂದು ಬಾರಿನಲ್ಲಿ ಇಬ್ಬರೂ ಬೀರು ಕುಡಿಯುತ್ತಾ ಕುಳಿತಿದ್ದಾರೆ. ಈಗಷ್ಟೇ ನಡೆದದ್ದನ್ನು ನಿಧಾನಗತಿಯಲ್ಲಿ ಮತ್ತೆ ತೋರಿಸಲು ಆಗುತ್ತದೆಯೇ ಎಂದು ಆರ್ಲೆಜ್ ಕೇಳಿದ. ಟ್ರ್ಯಾಕಿಂಜರ್ ಕಾಗದದ ಕರವಸ್ತ್ರವೊಂದನ್ನು ಎಳೆದುಕೊಂಡು ಅದರ ಮೇಲೆಯೇ ಚಿತ್ರ ಬಿಡಿಸಲು ಶುರುಮಾಡಿದ. ಮುಂದಿನ ವರ್ಷವೇ ಎಬಿಸಿಯ ಪಂದ್ಯಗಳಲ್ಲಿ ಸ್ಲೋ ಮೋಷನ್ ಬಂತು. ಪಂದ್ಯದ ನಡುವೆಯೇ ತಕ್ಷಣ ಮರುಪ್ರದರ್ಶನ ಮಾಡಿ ತೋರಿಸಿದ ಕೀರ್ತಿ ಎದುರಾಳಿ ಜಾಲ ಸಿಬಿಎಸ್‌ನ ಟೋನಿ ವರ್ನಾನದು, 1963ರ ಡಿಸೆಂಬರ್ 7ರ ಪಂದ್ಯದಲ್ಲಿ. ಎರಡನ್ನೂ ಒಬ್ಬನ ತಲೆಗೇ ಕಟ್ಟುವ ರೂಢಿ ಇದೆ, ತಪ್ಪು. 1992ರಲ್ಲಿ ಡರ್ಬನ್‌ನಲ್ಲಿ ತೆಂಡೂಲ್ಕರ್ ಮೂರನೇ ಅಂಪೈರ್ ತೀರ್ಪಿನಿಂದ ರನೌಟ್ ಆದ ಮೊದಲಿಗನಾದಾಗ, ನಮ್ಮ ವ್ಯಾನಿನ ಹುಡುಗರೆಲ್ಲ ಆ ಯಂತ್ರವನ್ನು ಶಪಿಸಿದ್ದರು. ಶಾಪದಲ್ಲಿ ಒಂದು ಪಾಲು ಆ ಬಾರಿನ ಕರವಸ್ತ್ರಕ್ಕೂ ಸೇರಬೇಕು.

1961ರ ಏಪ್ರಿಲ್ 29ರಂದು 'ವೈಡ್ ವರ್ಲ್ಡ್ ಆಫ್ ಸ್ಪೋರ್ಟ್ಸ್' ಶುರುವಾಯಿತು. ದುಡ್ಡಿಲ್ಲದ ಜಾಲದ ಉಪಾಯ ಅದು. ದೊಡ್ಡ ಆಟಗಳ ಹಕ್ಕೆಲ್ಲ ಬೇರೆಯವರ ಹತ್ತಿರ ಇದ್ದುದರಿಂದ, ಯಾರೂ ಕೇಳದ ಆಟಗಳನ್ನು ಹುಡುಕಿಕೊಂಡು ಜಗತ್ತನ್ನೇ ಸುತ್ತಿದರು. ಮರ ಕಡಿಯುವವರ ಸ್ಪರ್ಧೆ, ಹಳೆ ಕಾರುಗಳನ್ನು ಒಂದಕ್ಕೊಂದು ಗುದ್ದಿಸುವ ಆಟ, ಮೆಕ್ಸಿಕೊದ ಬಂಡೆಯಿಂದ ಸಮುದ್ರಕ್ಕೆ ಹಾರುವುದು. ಆ ಕಾರ್ಯಕ್ರಮದ ಆರಂಭದಲ್ಲಿ ಗೆಲುವಿನ ರೋಮಾಂಚನದ ಜೊತೆಗೆ ಸೋಲಿನ ಸಂಕಟವನ್ನೂ ಹೆಸರಿಸುವ ಒಂದು ಸಾಲಿತ್ತು. ಆ ಸಾಲಿಗೆ ಹೊಂದಿಸಿದ್ದು ವಿಂಕೊ ಬೊಗತಾಯ್ ಎಂಬ ಸ್ಲೊವೇನಿಯಾದ ಸ್ಕೀ ಜಿಗಿತಗಾರ 1970ರಲ್ಲಿ ಇಳಿಜಾರಿನಿಂದ ಉರುಳುರುಳಿ ಬಿದ್ದ ಚಿತ್ರ. ವರ್ಷಗಟ್ಟಲೆ ಪ್ರತಿ ಶನಿವಾರ ಆ ಮನುಷ್ಯ ಅಮೆರಿಕದ ಮನೆಮನೆಯಲ್ಲೂ ಬಿದ್ದ. ಅದು ಅವನಿಗೇ ಗೊತ್ತಿರಲಿಲ್ಲ. 1981ರಲ್ಲಿ ಕಾರ್ಯಕ್ರಮದ ಇಪ್ಪತ್ತನೇ ವರ್ಷದ ಸಮಾರಂಭಕ್ಕೆ ಅವನನ್ನು ನ್ಯೂಯಾರ್ಕ್‌ಗೆ ಕರೆಸಿದಾಗ ಸಭೆಯಲ್ಲಿ ಎಲ್ಲರಿಗಿಂತ ಜೋರು ಚಪ್ಪಾಳೆ ಬಿದ್ದದ್ದು ಅವನಿಗೆ. ಮುಹಮ್ಮದ್ ಅಲಿ ಅವನ ಹಸ್ತಾಕ್ಷರ ಕೇಳಿದ.

ಮಂಡ್ಯದ ಆ ಹುಡುಗನಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನು ಈಗ ಎಲ್ಲಿದ್ದಾನೋ.

ಮ್ಯೂನಿಕ್ ಒಲಿಂಪಿಕ್ಸ್‌ಗೆ ಬರುತ್ತೇನೆ. ಆರ್ಲೆಜ್ ಜೊತೆಗಿದ್ದವರು ಕೊನೆಗೆ ಬಂದು ನಿಲ್ಲುವುದು 1972ರ ಸೆಪ್ಟೆಂಬರ್ 5ರಲ್ಲೇ. ಪ್ಯಾಲೆಸ್ತೀನಿನ ಬಂದೂಕುಧಾರಿಗಳು ಕ್ರೀಡಾಗ್ರಾಮಕ್ಕೆ ನುಗ್ಗಿ ಇಬ್ಬರು ಇಸ್ರೇಲಿಗಳನ್ನು ಕೊಂದು ಒಂಬತ್ತು ಮಂದಿಯನ್ನು ಒತ್ತೆ ಇರಿಸಿಕೊಂಡ ದಿನ. ಎಬಿಸಿಯ ಕಂಟ್ರೋಲ್ ರೂಮು ಅಲ್ಲಿಗೆ ಹತ್ತಿರದಲ್ಲೇ ಇತ್ತು. ಒಳಗಿದ್ದವರೆಲ್ಲ ಕ್ರೀಡೆಯವರು. ಸುದ್ದಿಯವರು ನ್ಯೂಯಾರ್ಕ್‌ನಲ್ಲಿ ಕುಳಿತು ಇದನ್ನು ನಮಗೆ ಕೊಡಿ ಎನ್ನುತ್ತಿದ್ದರು. ಆರ್ಲೆಜ್ ಕೊಡಲಿಲ್ಲ.

ಒಲಿಂಪಿಕ್ಸ್‌ನ ಮುಖ್ಯ ನಿರೂಪಕ ಕ್ರಿಸ್ ಶೆಂಕಲ್ ಇದ್ದ. ಆದರೂ ಆ ಹೊತ್ತಿಗೆ ಆರ್ಲೆಜ್ ಕರೆಸಿದ್ದು 'ವೈಡ್ ವರ್ಲ್ಡ್' ನಿರೂಪಕ ಜಿಮ್ ಮೆಕೇಯನ್ನು. ಮೆಕೇಗೆ ಅಂದು ರಜೆ. ಈಜಲು ಹೋಗಿದ್ದವನು ಕರೆ ಬಂದ ಕೂಡಲೇ ಒದ್ದೆ ಈಜುಚಡ್ಡಿಯ ಮೇಲೆಯೇ ಪ್ಯಾಂಟು ಏರಿಸಿಕೊಂಡು ಓಡಿ ಬಂದ. ಆಮೇಲೆ ಹತ್ತಿರ ಹತ್ತಿರ ಹದಿನಾಲ್ಕು ಗಂಟೆ ಕುರ್ಚಿ ಬಿಟ್ಟು ಏಳಲಿಲ್ಲ. ಆ ದಿನದ ವಿಷಯ ಓದುವಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಒದ್ದೆ ಚಡ್ಡಿ. ಜಗತ್ತೇ ನೋಡುತ್ತಿರುವ ಪರದೆಯಲ್ಲಿ ಗಂಭೀರವಾಗಿ ಕುಳಿತವನ ಸೊಂಟದ ಕೆಳಗೆ ತಣ್ಣಗೆ ಕಚ್ಚುತ್ತಿದ್ದ ಬಟ್ಟೆ. ಓಬಿ ಬದುಕು ಎಂದರೆ ಅಷ್ಟೇ ಎಂದು ನನ್ನ ಹೆಂಡತಿಗೆ ಹೇಳಿದೆ. ನೀವು ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಹಾಕುವುದಕ್ಕೆ ಇದು ಸಮರ್ಥನೆ ಆಗುವುದಿಲ್ಲ ಎಂದಳು.

ಅಂದು ಸಂಯೋಜಕ ನಿರ್ಮಾಪಕನಾಗಿದ್ದ ಜೆಫ್ ಮೇಸನ್ ಹೇಳಿದ ಸಂಗತಿ ಬೇರೆ ರೀತಿಯದು. ಬಂದೂಕು ಹಿಡಿದ ಜರ್ಮನ್ ಪೊಲೀಸರು ಕಂಟ್ರೋಲ್ ರೂಮಿಗೇ ಬಂದು ಕ್ಯಾಮೆರಾ ಆರಿಸಿ ಎಂದರು. ಕಾರಣ ಸರಳ. ಕ್ರೀಡಾಗ್ರಾಮದ ಕೋಣೆಗಳಲ್ಲಿ ಟಿವಿ ಇತ್ತು. ಕ್ರೀಡಾಪಟುಗಳ ಉಡುಪು ತೊಟ್ಟು ಛಾವಣಿ ಏರುತ್ತಿದ್ದ ಪೊಲೀಸರನ್ನು ಒಳಗಿದ್ದ ಬಂದೂಕುಧಾರಿಗಳು ಪರದೆಯ ಮೇಲೆ ನೇರವಾಗಿ ನೋಡಬಹುದಿತ್ತು. ಪೊಲೀಸರು ಆ ಯೋಜನೆಯನ್ನು ಕೈಬಿಟ್ಟರು. ನೇರ ಪ್ರಸಾರದಲ್ಲಿ ಇಂಥ ಒಂದು ಬಾಗಿಲು ಇದೆ ಎಂದು ಅದಕ್ಕೂ ಮೊದಲು ಯಾರೂ ಯೋಚಿಸಿರಲಿಲ್ಲ. ನಾವು ತೋರಿಸುತ್ತಿರುವುದು ಯಾರಿಗೆ ಎಂಬ ಪ್ರಶ್ನೆಯನ್ನು ನಾನೂ ಇಪ್ಪತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಕೇಳಿಕೊಂಡವನಲ್ಲ. ಗುಂಡಿ ಒತ್ತುವವನು ಕೇಳಿಕೊಳ್ಳುವುದಿಲ್ಲ.

ರಾತ್ರಿ ಒತ್ತೆಯಾಳುಗಳನ್ನು ವಿಮಾನ ನಿಲ್ದಾಣಕ್ಕೆ ಕರೆದೊಯ್ದರು. ಗುಂಡಿನ ಚಕಮಕಿ ನಡೆಯಿತು. ಎಲ್ಲರನ್ನೂ ಬಿಡಿಸಲಾಯಿತು ಎಂಬ ಸುದ್ದಿ ಹಬ್ಬಿತು. ಜರ್ಮನ್ ಸರ್ಕಾರದ ವಕ್ತಾರನೇ ಕಾರ್ಯಾಚರಣೆ ಯಶಸ್ವಿ ಎಂಬರ್ಥದಲ್ಲಿ ಮಾತನಾಡಿದ. ಹಲವು ಪತ್ರಿಕೆಗಳು ಅದನ್ನೇ ಅಚ್ಚು ಹಾಕಿದವು. ಆರ್ಲೆಜ್ ಮೆಕೇಯ ಕಿವಿಯಲ್ಲಿ ಎಚ್ಚರಿಕೆ ಹೇಳುತ್ತಲೇ ಇದ್ದ. ತಾಳು, ಇನ್ನೂ ಖಚಿತವಿಲ್ಲ. ಬಂಧಿತರಲ್ಲಿ ಡೇವಿಡ್ ಬರ್ಜರ್ ಎಂಬ ಭಾರ ಎತ್ತುವ ಆಟಗಾರನಿದ್ದ. ಅಮೆರಿಕದಲ್ಲಿ ಹುಟ್ಟಿ ಇಸ್ರೇಲಿಗೆ ಹೋದವನು. ಅವನ ತಂದೆ ತಾಯಿ ಒಹಾಯೊ ರಾಜ್ಯದ ಶೇಕರ್ ಹೈಟ್ಸ್‌ನಲ್ಲಿ ಟಿವಿ ನೋಡುತ್ತಿರುತ್ತಾರೆ, ಮಗ ಬದುಕಿದ್ದಾನೋ ಇಲ್ಲವೋ ಎಂದು ಅವರಿಗೆ ಮೊದಲು ಹೇಳುವವನು ನಾನೇ ಆಗುತ್ತೇನೆ ಎಂಬುದು ತಲೆಯಲ್ಲಿ ಸುತ್ತುತ್ತಿತ್ತು ಎಂದು ಮೆಕೇ ಮುಂದೆ ಹೇಳಿದ.

ನಸುಕಿನ ಮೂರು ಗಂಟೆ ದಾಟಿದ ಮೇಲೆ ಕಿವಿಗೆ ಕೊನೆಯ ಸುದ್ದಿ ಬಂತು. ಮೆಕೇ ಕ್ಯಾಮೆರಾ ಕಡೆ ತಿರುಗಿದ. ನಮ್ಮ ಅತಿ ದೊಡ್ಡ ಆಸೆಗಳೂ ಅತಿ ಕೆಟ್ಟ ಭಯಗಳೂ ನಿಜವಾಗುವುದು ಅಪರೂಪ ಎಂದು ತನ್ನ ತಂದೆ ಹೇಳುತ್ತಿದ್ದರು, ಇಂದು ರಾತ್ರಿ ನಮ್ಮ ಕೆಟ್ಟ ಭಯಗಳು ನಿಜವಾಗಿವೆ ಎಂದ. ಇಬ್ಬರು ಕೋಣೆಯಲ್ಲೇ ಸತ್ತರು, ಒಂಬತ್ತು ಮಂದಿ ವಿಮಾನ ನಿಲ್ದಾಣದಲ್ಲಿ ಸತ್ತರು ಎಂದ. ಆಮೇಲೆ ಇಂಗ್ಲಿಷಿನ ಮೂರೇ ಪದ. ಕನ್ನಡದಲ್ಲಿ ಎರಡು ಸಾಕು: ಎಲ್ಲರೂ ಹೋದರು. 'ಹೋದರು' ಎಂದರೆ ಏನೆಂದು ನಮ್ಮಲ್ಲೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆ ತುಣುಕನ್ನು ನಾನು ಎಷ್ಟು ಸಲ ನೋಡಿದ್ದೇನೋ. ಕಸುಬಿನ ಕಣ್ಣಿಗೆ ಅದರಲ್ಲಿ ಕಾಣುವುದು ಏನೂ ಮಾಡದೇ ಇರುವುದು. ಚಿತ್ರ ಕತ್ತರಿಸಲಿಲ್ಲ, ಸಂಗೀತವಿಲ್ಲ, ಮೆಕೇಯ ದಣಿದ ಮುಖ ಅಷ್ಟೇ. ಬಿದ್ದವನ ಮುಖ ಬಿಟ್ಟು ಹೋಗಬಾರದು ಎನ್ನುವವನು, ಸುದ್ದಿ ಹೇಳುವವನ ಮುಖವನ್ನೂ ಬಿಡಲಿಲ್ಲ.

ಅದಾಗಿ ಐದು ವರ್ಷಕ್ಕೆ, 1977ರಲ್ಲಿ, ಎಬಿಸಿ ಅವನಿಗೆ ಸುದ್ದಿ ವಿಭಾಗವನ್ನೂ ಒಪ್ಪಿಸಿತು. ಕ್ರೀಡೆಯನ್ನೂ ಬಿಡಲಿಲ್ಲ, ಎರಡೂ ಕುರ್ಚಿ ಒಬ್ಬನಿಗೇ. ಸುದ್ದಿಯ ಹಿರಿಯರು ಹೌಹಾರಿದರು. ಇನ್ನು ಮೇಲೆ ಇದು 'ವೈಡ್ ವರ್ಲ್ಡ್ ಆಫ್ ನ್ಯೂಸ್' ಎಂದು ಹಾಸ್ಯ ಮಾಡಿದರು. ಆ ಹಾಸ್ಯಕ್ಕೆ ಆಧಾರವೂ ಒದಗಿತು. ಆ ಆಗಸ್ಟ್‌ನಲ್ಲಿ ಗಾಯಕ ಎಲ್ವಿಸ್ ಪ್ರೆಸ್ಲಿ ಸತ್ತಾಗ ಸಿಬಿಎಸ್ ಪನಾಮಾ ಕಾಲುವೆಯ ಸುದ್ದಿಯಿಂದ ಬುಲೆಟಿನ್ ಶುರುಮಾಡಿತು, ಎಬಿಸಿ ಎಲ್ವಿಸ್‌ನಿಂದ. ಸಿಬಿಎಸ್ ಮರ್ಯಾದಸ್ಥರ ಕೆಲಸ ಮಾಡಿತು ಎಂದು ಆಗ ಕೆಲವರಿಗೆ ಅನ್ನಿಸಿರಬಹುದು. ನಮ್ಮಲ್ಲಿ 2006ರ ಏಪ್ರಿಲ್‌ನಲ್ಲಿ ರಾಜ್‌ಕುಮಾರ್ ತೀರಿಕೊಂಡ ದಿನ ಯಾವುದಾದರೂ ಕನ್ನಡ ವಾಹಿನಿ ಕಾಲುವೆಯ ಒಪ್ಪಂದದಿಂದ ಸುದ್ದಿ ಶುರುಮಾಡಿದ್ದರೆ ಏನಾಗುತ್ತಿತ್ತು ಎಂದು ಊಹಿಸಿಕೊಂಡರೆ, ನನ್ನ ಮತ ಎಲ್ವಿಸ್ ಕಡೆಗೇ.

ಎಡವಿದ್ದೂ ಉಂಟು. 1978ರ ಜೂನ್‌ನಲ್ಲಿ '20/20' ಎಂಬ ಹೊಸ ಕಾರ್ಯಕ್ರಮದ ಮೊದಲ ಸಂಚಿಕೆ ಎಷ್ಟು ಕೆಟ್ಟದಾಗಿತ್ತೆಂದರೆ, ಇಬ್ಬರೂ ನಿರೂಪಕರನ್ನು ಆ ಒಂದೇ ಸಂಚಿಕೆಯ ನಂತರ ಮನೆಗೆ ಕಳುಹಿಸಿದ. ಎರಡನೇ ವಾರದಿಂದ ಹ್ಯೂ ಡೌನ್ಸ್. ಆ ಕಾರ್ಯಕ್ರಮ ಮುಂದೆ ದಶಕಗಟ್ಟಲೆ ನಡೆಯಿತು. ಬದಲಾಯಿಸಲು ಅವನಿಗೆ ನಾಚಿಕೆ ಎಂಬುದೇ ಇರಲಿಲ್ಲ. ಅದೇ ಜುಲೈಯಲ್ಲಿ ಸಂಜೆಯ ಸುದ್ದಿಗೆ ಮೂರು ಊರುಗಳಿಂದ ಮೂವರನ್ನು ಕೂರಿಸಿದ: ವಾಷಿಂಗ್ಟನ್‌ನಲ್ಲಿ ಫ್ರಾಂಕ್ ರೆನಾಲ್ಡ್ಸ್, ಷಿಕಾಗೊದಲ್ಲಿ ಮ್ಯಾಕ್ಸ್ ರಾಬಿನ್ಸನ್, ಲಂಡನ್‌ನಲ್ಲಿ ಪೀಟರ್ ಜೆನ್ನಿಂಗ್ಸ್. ಈ ಜೆನ್ನಿಂಗ್ಸ್ ಮ್ಯೂನಿಕ್‌ನಲ್ಲಿ ಕ್ರೀಡಾಗ್ರಾಮದ ಒಳಗೇ ಉಳಿದುಕೊಂಡು ವರದಿ ಕಳುಹಿಸಿದ್ದವನು.

1979ರ ನವೆಂಬರ್‌ನಲ್ಲಿ ಟೆಹರಾನ್‌ನ ಅಮೆರಿಕ ರಾಯಭಾರ ಕಚೇರಿಯಲ್ಲಿ ಸಿಬ್ಬಂದಿಯನ್ನು ಒತ್ತೆ ಹಿಡಿದರು. ಆರ್ಲೆಜ್ ರಾತ್ರಿ ಹನ್ನೊಂದೂವರೆಯ ಹೊತ್ತನ್ನು ಸುದ್ದಿಗೆ ಕಸಿದುಕೊಳ್ಳಲು ಮೊದಲಿನಿಂದಲೂ ಕಾದಿದ್ದ. ದಿನಾ ರಾತ್ರಿ ಅದೇ ಬಿಕ್ಕಟ್ಟಿನ ಮೇಲೆ ವಿಶೇಷ ಕಾರ್ಯಕ್ರಮ ಹಾಕಿದ. ಒಂದೆರಡು ವಾರದ ಮಾತು ಎಂದು ಮೇಲಿನವರು ಸುಮ್ಮನಿದ್ದರು. ಬಿಕ್ಕಟ್ಟು 444 ದಿನ ನಡೆಯಿತು. ಅಷ್ಟರಲ್ಲಿ, 1980ರ ಮಾರ್ಚ್ 24ಕ್ಕೆ, ಅದು ಟೆಡ್ ಕಾಪಲ್ ನಡೆಸುವ 'ನೈಟ್‌ಲೈನ್' ಆಗಿ ಖಾಯಂ ಆಗಿಬಿಟ್ಟಿತ್ತು. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವವರ ಜಾಣತನ ಇದು. ನನಗೆ ಮೆಚ್ಚುಗೆಯಾಯಿತು.

ಈಗ ಬಾಬ್ ಐಗರ್. ಮುಂದೆ ಡಿಸ್ನಿಯ ಮುಖ್ಯಸ್ಥನಾದವನು. 1974ರಲ್ಲಿ ವಾರಕ್ಕೆ 150 ಡಾಲರ್ ಸಂಬಳದ ಸ್ಟುಡಿಯೊ ಕೆಲಸದಿಂದ ಎಬಿಸಿಯಲ್ಲಿ ಶುರುಮಾಡಿ, ಆಮೇಲೆ ಆರ್ಲೆಜ್‌ನ ಕ್ರೀಡಾ ವಿಭಾಗ ಸೇರಿದ. ಆತ್ಮಕಥನದಲ್ಲಿ ಆರ್ಲೆಜ್ ಬಗ್ಗೆ ಅವನು ಬರೆದಿರುವುದು ಗುರುವಿನ ಬಗ್ಗೆ ಶಿಷ್ಯ ಬರೆಯುವ ರೀತಿ, ಅಂದರೆ ಪೆಟ್ಟಿನ ಗುರುತುಗಳ ಸಮೇತ. ಒಂದು ಸಭೆಯಲ್ಲಿ ಆರ್ಲೆಜ್ ಇದು ಯಾರ ತಪ್ಪು ಎಂದು ಕೇಳಿದ. ಹಿರಿಯರೆಲ್ಲ ಮೇಜು ನೋಡುತ್ತಿದ್ದರು. ಕಿರಿಯನಾದ ಐಗರ್ ಕೈ ಎತ್ತಿ, ನನ್ನದು ಎಂದ. ಕೊಠಡಿ ಸ್ತಬ್ಧ. ಆಮೇಲೆ ಹೊರಗೆ ಬಂದು ಜನ ಅವನನ್ನು ವಿಚಿತ್ರ ಪ್ರಾಣಿಯಂತೆ ನೋಡಿದರು, ಇಲ್ಲಿ ಹಾಗೆ ಯಾರೂ ಮಾಡುವುದಿಲ್ಲ ಎಂದರು. ಅಂದಿನಿಂದ ಆರ್ಲೆಜ್ ತನ್ನನ್ನು ನೋಡುವ ರೀತಿ ಬದಲಾಯಿತು ಎನ್ನುತ್ತಾನೆ ಐಗರ್.

ಈ ಕಥೆಯನ್ನು ಮ್ಯಾನೇಜ್‌ಮೆಂಟ್ ಉಪನ್ಯಾಸಕರು ಪ್ರಾಮಾಣಿಕತೆಯ ಪಾಠವಾಗಿ ಬಳಸುತ್ತಾರೆ. ನಾನು ಓದುವಾಗ ಕಂಡದ್ದು ಉಳಿದವರನ್ನು. ಅಷ್ಟು ಪಳಗಿದ ಜನ ಮೇಜು ನೋಡುತ್ತಾ ಕುಳಿತಿದ್ದರು ಎಂದರೆ ಆ ಯಜಮಾನನ ಎದುರು ಕೈ ಎತ್ತುವುದಕ್ಕೆ ಎಷ್ಟು ಭಯವಿತ್ತು ಎಂದು ತಿಳಿಯುತ್ತದೆ. ಭಯದ ಮನೆಯಲ್ಲಿ ಸತ್ಯ ಹೇಳಿದವನನ್ನು ಹೊಗಳುವುದು ಸುಲಭ, ಮನೆ ಕಟ್ಟಿದವನು ಯಾರು?

ಐಗರ್ ಹೇಳುವ ಇನ್ನೊಂದು ವಿಷಯ, ಅವನ ಹಟ. ಎಲ್ಲ ಮುಗಿದು ಪ್ರಸಾರಕ್ಕೆ ಸಿದ್ಧವಾದ ಕಾರ್ಯಕ್ರಮವನ್ನು ಕೊನೆಯ ಗಳಿಗೆಯಲ್ಲಿ ನೋಡಿ, ಬದಲಾಯಿಸಿ ಎನ್ನುತ್ತಿದ್ದ. ಇನ್ನೂ ಚೆನ್ನಾಗಿ ಮಾಡಲು ಏನು ಬೇಕೋ ಅದನ್ನು ಮಾಡಿ, ಅಷ್ಟೇ ಅವನ ಮಾತು. ಸಮಯವಿಲ್ಲ, ದುಡ್ಡಿಲ್ಲ, ಜನ ದಣಿದಿದ್ದಾರೆ, ಇವು ಯಾವುದೂ ಅವನಿಗೆ ಕೇಳಿಸುತ್ತಿರಲಿಲ್ಲ. ರಾತ್ರಿಯಿಡೀ ಎಡಿಟಿಂಗ್ ಕೋಣೆಯಲ್ಲಿ ಮತ್ತೆ ಮೊದಲಿನಿಂದ. ಮುಂದೆ ಐಗರ್, ಟೋಕಿಯೊದಲ್ಲಿ ಸುಶಿ ಮಾಡುತ್ತಲೇ ಮುದುಕನಾದ ಒಬ್ಬ ಅಡುಗೆಯವನ ಸಾಕ್ಷ್ಯಚಿತ್ರ ನೋಡಿ, ಇದೇ ನಮ್ಮ ರೂನ್ ಎಂದುಕೊಂಡನಂತೆ. ನನಗೆ ನೆನಪಾದದ್ದು ಹಾಸನದ ಕಡೆ ನಡೆದ ಒಂದು ಎತ್ತಿನ ಗಾಡಿ ಓಟದ ಕಾರ್ಯಕ್ರಮ. ಬೆಳಗಿನ ಜಾವ ಮೂರು ಗಂಟೆಗೆ ರಾಯರು ಬಂದು ನೋಡಿ, "ಎತ್ತಿನ ಕಣ್ಣು ಎಲ್ಲಿ?" ಎಂದು ಕೇಳಿದರು. ನಾವು ಒಂಬತ್ತು ಗಂಟೆಯ ಟೇಪನ್ನು ಮತ್ತೆ ಜಾಲಾಡಿದೆವು. ಎತ್ತಿನ ಕಣ್ಣು ಸಿಕ್ಕಿತು, ಎರಡು ಸೆಕೆಂಡು. ಹಾಕಿದೆವು. ಆ ಎರಡು ಸೆಕೆಂಡು ಇಲ್ಲದಿದ್ದರೆ ಕಾರ್ಯಕ್ರಮ ಏನೂ ಅಲ್ಲ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಆ ರಾತ್ರಿ ನನ್ನ ಮಗಳಿಗೆ ಜ್ವರ ಇತ್ತು ಎಂಬುದೂ ನೆನಪಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನಿಂದ ಆಗಿಲ್ಲ.

ಕಹಿ ನೆನಪುಗಳೂ ಇವೆ. 1985ರಲ್ಲಿ ಮರ್ಲಿನ್ ಮನ್ರೋ ಮತ್ತು ಕೆನೆಡಿ ಸಹೋದರರ ಸಂಬಂಧದ ಬಗ್ಗೆ '20/20' ತಂಡ ಮಾಡಿದ ವರದಿಯನ್ನು ಆರ್ಲೆಜ್ ತಡೆದ. ಅವನು ರಾಬರ್ಟ್ ಕೆನೆಡಿಯ ವಿಧವೆ ಎಥೆಲ್ ಕೆನೆಡಿಯ ಸ್ನೇಹಿತ. ವರದಿಯಲ್ಲಿ ಹುರುಳಿಲ್ಲ ಎಂಬುದು ಅವನ ಸಮರ್ಥನೆ. ಹ್ಯೂ ಡೌನ್ಸ್, ಬಾರ್ಬರಾ ವಾಲ್ಟರ್ಸ್ ಮುಂತಾದ ಅವನದೇ ತಾರೆಯರು ಬಹಿರಂಗವಾಗಿ ಆಕ್ಷೇಪಿಸಿದರು. ವರದಿಗಾರ ಹೆರಾಲ್ಡೊ ರಿವೇರಾ ಹೊರನಡೆದ. ಮುಖಗಳನ್ನು ತೋರಿಸಿ ಎನ್ನುತ್ತಿದ್ದವನು ಪರಿಚಯದ ಮುಖ ಬಂದಾಗ ಬೇರೆ ಕ್ಯಾಮೆರಾ ಕೇಳಿದ. ಇಷ್ಟು ದೂರದಿಂದ ನಾನು ತೀರ್ಪು ಕೊಡಬಾರದು, ಆದರೂ ಕೊಡುತ್ತೇನೆ: ತಡೆಯಬಾರದಿತ್ತು.

ಅವನ ಬಲಗೈಯಂತಿದ್ದ ಜಿಮ್ ಸ್ಪೆನ್ಸ್, 1986ರಲ್ಲಿ ಕ್ರೀಡಾ ವಿಭಾಗದ ಅಧ್ಯಕ್ಷ ಪದವಿ ಡೆನ್ನಿಸ್ ಸ್ವಾನ್ಸನ್ ಪಾಲಾದಾಗ ಸಂಸ್ಥೆ ಬಿಟ್ಟು, ಪುಸ್ತಕ ಬರೆದು ಮನಸ್ಸಿನಲ್ಲಿದ್ದುದನ್ನು ಹೊರಹಾಕಿದ. ವ್ಯಾಖ್ಯಾನಕಾರ ಹೊವರ್ಡ್ ಕೊಸೆಲ್ ಅದಕ್ಕೂ ಮೊದಲೇ ಬರೆದು ಎಲ್ಲರ ಜೊತೆ ಜಗಳ ಕಾಯ್ದುಕೊಂಡಿದ್ದ. ಆದರೆ ಅದೇ ಗರಡಿಯಿಂದ ಬಂದ ಡಿಕ್ ಎಬರ್ಸಾಲ್‌ನನ್ನು ನೋಡಿ. ಯೇಲ್ ವಿಶ್ವವಿದ್ಯಾಲಯದ ಓದನ್ನು ನಡುವೆ ಬಿಟ್ಟು ಆರ್ಲೆಜ್‌ಗೆ ಒಲಿಂಪಿಕ್ ಕ್ರೀಡಾಪಟುಗಳ ವಿವರ ಸಂಗ್ರಹಿಸುವ ಕೆಲಸಕ್ಕೆ ಸೇರಿದ ಹುಡುಗ, ಮುಂದೆ ಎನ್‌ಬಿಸಿಯ ಕ್ರೀಡಾ ಮುಖ್ಯಸ್ಥನಾಗಿ ಅದೇ ಪಾಠವನ್ನು ಎದುರಾಳಿಯ ಮನೆಯಲ್ಲಿ ಜಾರಿಗೆ ತಂದ. ಓಟಗಾರ ಓಡುವ ಮೊದಲು ಅವನ ಊರು, ಅವನ ತಾಯಿ, ಅವನ ಮುರಿದ ಕಾಲು ತೋರಿಸುವ ಚಿಕ್ಕ ಚಿತ್ರ ಬರುತ್ತದಲ್ಲ, ಅದರ ಮೂಲ ಎಬಿಸಿಯ ಆ ದಿನಗಳು. ಈಗ ನಮ್ಮ ಕಬಡ್ಡಿ ಲೀಗ್‌ನಲ್ಲೂ ಬರುತ್ತದೆ, ಸ್ವಲ್ಪ ಅತಿಯಾಗಿಯೇ.

ಇಲ್ಲಿ ಬೆಂಗಳೂರಿನವನೊಬ್ಬನನ್ನು ನೆನೆಯದೆ ಮುಂದೆ ಹೋಗಲಾರೆ. ಮಾರ್ಕ್ ಮಸ್ಕರೇನಸ್ ಇಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ, ಸಿಬಿಎಸ್‌ನ ಕ್ರೀಡಾ ವಿಭಾಗದಲ್ಲಿ ಕಸುಬು ಕಲಿತವನು. ಆರ್ಲೆಜ್ ಒಲಿಂಪಿಕ್ಸ್ ಹಕ್ಕಿಗೆ ಬೆಲೆ ಏರಿಸಿ ಏರಿಸಿ 1988ರ ಕ್ಯಾಲ್ಗರಿ ಚಳಿಗಾಲದ ಕ್ರೀಡಾಕೂಟಕ್ಕೆ ಎಬಿಸಿ 30 ಕೋಟಿ 90 ಲಕ್ಷ ಡಾಲರ್ ತೆತ್ತು ಕೈಸುಟ್ಟುಕೊಂಡಿತು. ಮಸ್ಕರೇನಸ್ 1996ರ ಕ್ರಿಕೆಟ್ ವಿಶ್ವಕಪ್ ಹಕ್ಕನ್ನು ಒಂದು ಕೋಟಿ ಡಾಲರ್‌ಗೆ ಕೊಂಡಾಗ ನಮ್ಮ ಕ್ಯಾಂಟೀನಿನಲ್ಲಿ ಇವನಿಗೆ ತಲೆ ಕೆಟ್ಟಿದೆ ಎಂದು ಮಾತಾಡಿಕೊಂಡೆವು. ಕೆಟ್ಟಿರಲಿಲ್ಲ. 2002ರ ಜನವರಿಯಲ್ಲಿ ನಾಗಪುರದ ಕಡೆ ರಸ್ತೆ ಅಪಘಾತದಲ್ಲಿ ಅವನು ಹೋದ. ಅದೇ ವರ್ಷ ಡಿಸೆಂಬರ್ 5ರಂದು ನ್ಯೂಯಾರ್ಕ್‌ನಲ್ಲಿ ಕ್ಯಾನ್ಸರ್‌ನಿಂದ ಆರ್ಲೆಜ್ ಹೋದ, 71 ವರ್ಷ.

'ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್' ಪತ್ರಿಕೆ 1994ರಲ್ಲಿ ಹಿಂದಿನ ನಲವತ್ತು ವರ್ಷಗಳ ಕ್ರೀಡಾಲೋಕದ ಪ್ರಭಾವಿಗಳನ್ನು ಪಟ್ಟಿ ಮಾಡಿದಾಗ ಮುಹಮ್ಮದ್ ಅಲಿ, ಮೈಕೆಲ್ ಜೋರ್ಡನ್ ನಂತರ ಮೂರನೆಯ ಹೆಸರು ಇವನದೇ ಆಗಿತ್ತು. ಒಂದು ಚೆಂಡನ್ನೂ ಎಸೆಯದವನು.

ಇಷ್ಟೆಲ್ಲ ಓದಿದ ಮೇಲೆ ರಾಯರಿಗೆ ಹೇಳದೆ ಇರಲಾಗಲಿಲ್ಲ. ಅವರಿಗೀಗ ಎಂಬತ್ತಮೂರು, ಮೈಸೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಸೋಮವಾರ ಫೋನು ಮಾಡಿದೆ, ಎತ್ತಲಿಲ್ಲ. ಮಂಗಳವಾರವೂ ಇಲ್ಲ. ಶುಕ್ರವಾರ ರಾತ್ರಿ ಹತ್ತೂವರೆಗೆ ಅವರೇ ಮಾಡಿದರು. ಅಭ್ಯಾಸ ಬಲ, ನಾನು ಫೋನನ್ನು ಎಡಗಿವಿಗೇ ಹಿಡಿದೆ, ಆಮೇಲೆ ಬಲಕ್ಕೆ ಬದಲಾಯಿಸಿದೆ. ಟಿಪ್ಪಣಿ, ಮ್ಯೂನಿಕ್, ಒದ್ದೆ ಚಡ್ಡಿ, ಕೆಂಪು ಫೋನು ಎಲ್ಲವನ್ನೂ ಹೇಳಿದೆ. ಮಂಡ್ಯದ ಹುಡುಗನನ್ನೂ ನೆನಪಿಸಿದೆ. ಅವರಿಗೆ ಆ ಪಂದ್ಯ ನೆನಪಿರಲಿಲ್ಲ. ನಾನು ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಯಾರ ಫೋನೂ ಎತ್ತುತ್ತಿರಲಿಲ್ಲ ಎಂದೆಯಲ್ಲ?"

"ಹೌದು ಸಾರ್."

"ಜಾಣ" ಎಂದು ಇಟ್ಟುಬಿಟ್ಟರು.